ಸುರ್ಕಿ: ಪದಮೂಲ ಮತ್ತು ಪದಾರ್ಥ

ಮೈಸೂರು ನಗರದಲ್ಲಿ ಹಳೆಯ ಕಟ್ಟಡಗಳ ಮಾತು ಬಂದಾಗ ‘ಸುರ್ಕಿ’ ಎಂಬ ಪದ ಕೇಳಿಬರುವುದು ಸಾಮಾನ್ಯ. ನಗರಕ್ಕೆ ಸಮೀಪದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಸಿಮೆಂಟ್ ಇಲ್ಲದೆ ಸುರ್ಕಿಯಿಂದ ಕಟ್ಟಲಾಯಿತೆಂಬ ಮಾತು ಜನಜನಿತವಾಗಿದೆ. ಆದರೆ ಸುರ್ಕಿ ಎಂದರೇನು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರ ದೊರೆಯದು.

ಪದದ ಮೂಲ ಪಾರಸಿ. ‘ಸುರ್ಖ್’ ಎಂದರೆ ಕೆಂಪು, ‘ಸುರ್ಖಿ’ ಎಂದರೆ ಕೆಂಪುತನ. ಕೆಂಪು ಮಸಿಯಲ್ಲಿ ಬರೆಯುವ ರೂಢಿಯಿಂದ ಉರ್ದುವಿನಲ್ಲಿ ಇದು ತಲೆಬರಹಕ್ಕೆ ಹೆಸರಾಯಿತು. ಕಟ್ಟಡದ ಕಸುಬಿನಲ್ಲಿ ಇಟ್ಟಿಗೆಯ ಪುಡಿಗೆ ಹೆಸರಾಯಿತು. ಕನ್ನಡದ ಬಾಯಲ್ಲಿ ಖಕಾರವು ಕಕಾರವಾಗಿದೆ.

ಪದವ್ಯುತ್ಪತ್ತಿಯನ್ನೇ ಅರ್ಥವೆಂದು ಭಾವಿಸಿದರೆ ಇಲ್ಲಿ ತೊಡಕು ಎದುರಾಗುತ್ತದೆ. ಹಸಿ ಕೆಮ್ಮಣ್ಣೂ ಕೆಂಪೇ. ಆದರೆ ಅದು ಸುರ್ಕಿಯಲ್ಲ. ಬರಿಯ ಸುಣ್ಣದ ಗಾರೆ ಗಾಳಿಯ ಸಂಪರ್ಕದಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಹದವಾಗಿ ಸುಟ್ಟ ಜೇಡಿಯ ಪುಡಿ ಸುಣ್ಣದೊಡನೆ ಬೆರೆತಾಗ, ಅದರ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಂದಿಗೆ ವರ್ತಿಸಿ, ನೀರಿನಲ್ಲಿಯೂ ಗಟ್ಟಿಯಾಗುವ ಗಾರೆ ಸಿದ್ಧವಾಗುತ್ತದೆ. ಸುಡುವುದು ಅತಿಯಾದರೆ ಈ ಗುಣ ಕುಂದುತ್ತದೆ. ಹೆಸರು ಬಣ್ಣದಿಂದ ಬಂದಿದ್ದರೂ ಗುಣ ಬಂದಿರುವುದು ಬೆಂಕಿಯಿಂದ. ಇದೇ ಬಗೆಯ ಕೆಲಸ ಮಾಡುವ ಜ್ವಾಲಾಮುಖಿಯ ಬೂದಿಗೆ ಇಟಲಿಯ ಪೊತ್ಸುವೋಲಿ ಊರಿನಿಂದ ‘ಪೊಜೊಲಾನಾ’ ಎಂಬ ಹೆಸರು ಬಂದಿತು. ಒಂದು ಪದ ಬಣ್ಣವನ್ನು, ಇನ್ನೊಂದು ಊರನ್ನು ಹೇಳುತ್ತದೆ. ಎರಡೂ ವಸ್ತುವಿನ ಗುಣವನ್ನು ಹೇಳುವುದಿಲ್ಲ.

ಎರಡನೆಯದು ಅರ್ಥವಿಸ್ತಾರದ ಸಂಗತಿ. ಕಸುಬಿನ ಭಾಷೆಯಲ್ಲಿ ಸುರ್ಕಿ ಎಂದರೆ ಪುಡಿ ಮಾತ್ರ. ಜನರ ಮಾತಿನಲ್ಲಿ ಸುಣ್ಣವೂ ಸೇರಿದ ಇಡೀ ಮಿಶ್ರಣ. ಭಾಗದ ಹೆಸರು ಸಮಗ್ರಕ್ಕೆ ಸಂದಿರುವ ಈ ಬದಲಾವಣೆ ಭಾಷೆಯಲ್ಲಿ ಸಹಜವೇ. ಆದರೆ ಸುರ್ಕಿಯನ್ನು ಕೃಷ್ಣರಾಜಸಾಗರಕ್ಕೇ ವಿಶಿಷ್ಟವಾದ ಅದ್ಭುತವೆಂದು ಹೇಳುವ ಕಥನ ಪರಿಶೀಲನೆಗೆ ನಿಲ್ಲದು. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟೆಯಲ್ಲಿಯೂ ಸುಣ್ಣ-ಸುರ್ಕಿಯ ಬಳಕೆಯಾಗಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ದೇಶದಲ್ಲಿ ಸಿಮೆಂಟ್ ಉದ್ಯಮ ಇನ್ನೂ ನೆಲೆಗೊಂಡಿರಲಿಲ್ಲ. ಬಳಕೆಯಲ್ಲಿದ್ದ ಕಸುಬನ್ನು ಬೃಹತ್ ಪ್ರಮಾಣದಲ್ಲಿ ದುಡಿಸಿಕೊಂಡದ್ದೇ ವಿಶ್ವೇಶ್ವರಯ್ಯನವರ ಹಾಗೂ ಅವರೊಡನೆ ದುಡಿದವರ ಸಾಧನೆ. ಅದ್ಭುತದ ಕಥನವು ಇಟ್ಟಿಗೆ ಸುಟ್ಟವರನ್ನೂ ಗಾರೆ ಅರೆದವರನ್ನೂ ಮರೆಸುತ್ತದೆ.

ಈ ಮರೆವು ಭಾಷೆಗಷ್ಟೇ ಸಂಬಂಧಿಸಿದ್ದಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ನಡೆಯಿತು. ಸುಣ್ಣದ ಗೋಡೆಯ ಮೇಲೆ ಬಳಿದ ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ಗೋಡೆಯನ್ನು ಶಿಥಿಲಗೊಳಿಸಬಲ್ಲದು. ಉಳಿಸುವ ಪಕ್ಷವು ಗೆದ್ದರೂ, ಸುರ್ಕಿಯ ಹದ ಬಲ್ಲವರಿಲ್ಲದೆ ದುರಸ್ತಿ ಸಾಧ್ಯವಾಗದು.

ಆದುದರಿಂದ ನಿಘಂಟುಕಾರರು ಈ ಪದಕ್ಕೆ ‘ಇಟ್ಟಿಗೆಯ ಪುಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ಮಣ್ಣು, ಎಷ್ಟು ಸುಟ್ಟದ್ದು, ಎಷ್ಟು ನುಣುಪು, ಸುಣ್ಣದೊಡನೆ ಯಾವ ಪ್ರಮಾಣ ಎಂಬುದೂ ಪದದ ಅರ್ಥದಲ್ಲಿ ಸೇರಿದೆ. ಕಸುಬಿನ ಪದದ ಅರ್ಥವು ಅದರ ಮೂಲದಲ್ಲಿ ಅಲ್ಲ, ಕಸುಬಿನ ಕ್ರಮದಲ್ಲಿ ನೆಲೆಸಿರುತ್ತದೆ.