ಕಲ್ಲಿದ್ದಲಿಲ್ಲದ ಊರಿಗೆ ಬಂದ ಉಕ್ಕಿನ ನಂಬಿಕೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆ ಬಂದ ಮೇಲೆ ಆ ಹೆಸರು ಬಿದ್ದಿದ್ದರೆ ಒಪ್ಪುತ್ತಿತ್ತು. ಆದದ್ದು ತಿರುಗುಮುರುಗು: ಬೆಂಕಿ ಹೊತ್ತಿಕೊಳ್ಳುವ ಕಾಲಕ್ಕೆ ಊರು ನದಿಯ ಹೆಸರು ಇಟ್ಟುಕೊಂಡಿತು.

ವಿಶ್ವೇಶ್ವರಯ್ಯನವರ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ 1920ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ. ಅದನ್ನು ಶಿವಮೊಗ್ಗದಲ್ಲಿ ಕೂತು ಓದುವ ಸುಖವೇ ಬೇರೆ. ಸುಮಾರು 20 ಕಿ.ಮೀ. ಬಸ್ಸಿನಲ್ಲಿ ಭದ್ರಾವತಿಗೆ ಹೋದರೆ, ಕೈಗಾರಿಕೆಯಿಂದಲೇ ದೇಶ ಕಟ್ಟಬೇಕೆಂಬ ಪುಸ್ತಕದ ವಾದವೇ ಉಕ್ಕಿನ ಕಾರ್ಖಾನೆಯ ಚಿಮಣಿಯಾಗಿ ಎದುರು ನಿಂತಿರುತ್ತದೆ. ಒಂದು ಕಡೆ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವಿರುವ ಹಳೇನಗರ, ಇನ್ನೊಂದು ಕಡೆ ಕಾರ್ಖಾನೆಗಾಗಿಯೇ ಹುಟ್ಟಿದ ನ್ಯೂಟೌನ್. ವಾದ ಗೆದ್ದಿತೋ ಸೋತಿತೋ ಅಲ್ಲೇ ನೋಡಿಕೊಳ್ಳಬಹುದು.

ರಾಷ್ಟ್ರ ಎಂಬುದು ಹುಟ್ಟುವುದಲ್ಲ, ತಯಾರಾಗುವುದು ಎಂಬ ನಂಬಿಕೆ ಹತ್ತೊಂಬತ್ತನೇ ಶತಮಾನದ ಯೂರೋಪಿನದು. ತನ್ನ ಕಾರ್ಖಾನೆಗಳನ್ನು ಕಾಪಾಡಿಕೊಳ್ಳದ ದೇಶ ಇನ್ನೊಬ್ಬರ ಗಿರಾಕಿಯಾಗಿಯೇ ಉಳಿಯುತ್ತದೆ ಎಂದು ಜರ್ಮನಿಯ ಫ್ರೆಡರಿಕ್ ಲಿಸ್ಟ್ 1841ರಲ್ಲೇ ವಾದಿಸಿದ್ದ. 1862ರಲ್ಲಿ ಬಿಸ್ಮಾರ್ಕ್ ಕಬ್ಬಿಣದ ಜೊತೆಗೆ ರಕ್ತವನ್ನೂ ಸೇರಿಸಿದ. ವಿಶ್ವೇಶ್ವರಯ್ಯನವರು ರಕ್ತವನ್ನು ಬಿಟ್ಟು ಕಬ್ಬಿಣವನ್ನಷ್ಟೇ ತೆಗೆದುಕೊಂಡರು. ಜಪಾನ್, ಕೆನಡಾ, ಇಂಗ್ಲೆಂಡುಗಳ ಅಂಕಿಗಳ ಪಕ್ಕದಲ್ಲಿ ಭಾರತದ ಅಂಕಿಯಿಟ್ಟು ತೋರಿಸುವುದು ಅವರ ಕ್ರಮ. ಬಡತನ ಈ ದೇಶದ ಹವೆಯಲ್ಲೇ, ಜನರ ಸ್ವಭಾವದಲ್ಲೇ ಇದೆ ಎಂಬ ಮಾತು ಓಡಾಡುತ್ತಿದ್ದ ಕಾಲದಲ್ಲಿ, ಇದು ಬರೀ ವ್ಯವಸ್ಥೆಯ ಪ್ರಶ್ನೆ ಎಂದು ಲೆಕ್ಕ ಹಾಕಿ ತೋರಿಸಿದ್ದು ಸಣ್ಣ ಧೈರ್ಯವಲ್ಲ. ಆದರೆ ನನ್ನ ತಕರಾರೂ ಅಲ್ಲೇ ಇದೆ. ಬ್ರಿಟಿಷ್ ಆಡಳಿತವನ್ನು ಅವರು ಟೀಕಿಸುತ್ತಾರೆ. ಮದ್ದು ಹುಡುಕಲು ಹೋಗುವುದು ಮಾತ್ರ ಆ ಬ್ರಿಟಿಷರ ಅಂಗಡಿಗೇ. ಇಂಗ್ಲೆಂಡಿಗೆ ಎಷ್ಟು ಸಂಪತ್ತು ಬಂತು ಎಂಬುದು ಅಂಕಿಯಲ್ಲಿ ಸ್ಪಷ್ಟ, ಎಲ್ಲಿಂದ ಬಂತು ಎಂಬುದು ಮಸುಕು. ಯೂರೋಪಿನ ಚರಿತ್ರೆ ಅವರ ಕೈಯಲ್ಲಿ ಯೂರೋಪಿನ ಶಿಸ್ತಾಗಿಬಿಡುತ್ತದೆ.

ಚರಿತ್ರೆಯನ್ನು ಶಿಸ್ತೆಂದು ತಿಳಿಯುವ ಈ ಗೊಂದಲ ಎದ್ದು ಕಾಣುವುದು ಇದ್ದಿಲಿನಲ್ಲಿ. ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ 1709ರಲ್ಲೇ ಕಲ್ಲಿದ್ದಲಿನ ಕೋಕ್ ಬಳಸಿ ಕಬ್ಬಿಣ ಕರಗಿಸಿದ್ದ. ಅಲ್ಲಿಂದಾಚೆ ಉಕ್ಕಿನ ರಾಷ್ಟ್ರಗಳು ಬೆಳೆದದ್ದು ನೆಲದಡಿಯ ಕಲ್ಲಿದ್ದಲಿನ ಮೇಲೆ. ನಮ್ಮಲ್ಲಿ ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಹಾಗಾಗಿ 1923ರಲ್ಲಿ ಭದ್ರಾವತಿಯಲ್ಲಿ ಬೀಡುಕಬ್ಬಿಣ ಹರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಯೂರೋಪಿನ ಹೊಸ ನಂಬಿಕೆ ಯೂರೋಪು ಬಹುಪಾಲು ಬಿಟ್ಟುಬಂದಿದ್ದ ಉರುವಲಿನ ಮೇಲೆ ನಿಂತಿತು. ಇದು ಪೆದ್ದುತನವಲ್ಲ, ಎಂಜಿನಿಯರನ ಲೆಕ್ಕಾಚಾರ: ಮರವನ್ನು ಬಟ್ಟಿಯಿಳಿಸಿದರೆ ಇದ್ದಿಲಿನ ಜೊತೆ ಮರದ ಆಲ್ಕೋಹಾಲು, ಅಸಿಟೇಟು, ಟಾರು ಸಿಗುತ್ತವೆ, ಮಾರಬಹುದು. ಆದರೆ ಮೊದಲನೇ ಮಹಾಯುದ್ಧ ಮುಗಿದ ಮೇಲೆ ಬೆಲೆಗಳು ಬಿದ್ದಿದ್ದವು. ಮೈಸೂರಿನ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಮತ್ತೆ ಬಂದು 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ದಡ ಮುಟ್ಟಿಸಿದರು. ತನ್ನ ವಾದದ ನಷ್ಟವನ್ನು ತಾನೇ ಹೊತ್ತ ಲೇಖಕರು ಎಷ್ಟು ಜನ ಸಿಗುತ್ತಾರೆ! ಆದರೂ ಆ ಲೆಕ್ಕದಲ್ಲಿ ಕಾಡು ಎಂದರೆ ಕಚ್ಚಾಮಾಲು, ಅಷ್ಟೇ. ಸೊಪ್ಪಿನಬೆಟ್ಟ, ಕಾನು ಎಂದು ಬಗೆಬಗೆಯಾಗಿ ಹೆಸರಿಟ್ಟುಕೊಂಡು ಬದುಕುವ ಮಲೆನಾಡಿನವರಿಗೆ ಅದು ಎಂದೂ ಒಂದೇ ವಸ್ತುವಾಗಿರಲಿಲ್ಲ.

ಯೂರೋಪಿನ ಇನ್ನೊಂದು ನಂಬಿಕೆಯಾದ ಸಮಾಜವಾದ ಶಿವಮೊಗ್ಗ ಜಿಲ್ಲೆಗೆ ಬೇರೆ ದಾರಿಯಲ್ಲಿ ಬಂತು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದ ರಾಮಮನೋಹರ ಲೋಹಿಯಾ 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆಂದು ಬಂದು ಬಂಧನಕ್ಕೊಳಗಾದರು. ಬಂಡವಾಳಶಾಹಿ, ಕಮ್ಯುನಿಸಂ ಎರಡೂ ಒಂದೇ ದೊಡ್ಡ ಯಂತ್ರವನ್ನು ಪೂಜಿಸುತ್ತವೆ, ನಮಗೆ ಬೇಕಾದದ್ದು ಸಣ್ಣ ಯಂತ್ರ ಎಂಬುದು ಅವರ ನಿಲುವು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಶಿವಮೊಗ್ಗ ಮನಸ್ಸು ಕೊಟ್ಟದ್ದು ಲೋಹಿಯಾಗೆ. ಸಂಬಳ ಬರುತ್ತಿದ್ದದ್ದು ಭದ್ರಾವತಿಯಿಂದ. ನಮ್ಮ ಸಾಹಿತ್ಯದಲ್ಲೂ ಅಗ್ರಹಾರಕ್ಕೆ, ಅಡಿಕೆ ತೋಟಕ್ಕೆ ಸಿಕ್ಕಷ್ಟು ಪುಟ ಕುಲುಮೆಗೆ ಸಿಕ್ಕಲಿಲ್ಲ. ಶಿಫ್ಟಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಮನೆಗಳ ಕಥೆ ಇನ್ನೂ ಬಾಕಿಯಿದೆ. ಲೋಹಿಯಾರ ವಿಮರ್ಶೆ ಹರಿತವಾದದ್ದೇ, ಆದರೆ ಭದ್ರಾವತಿಯ ಕಾರ್ಮಿಕನಿಗೆ ಅದು ಬದಲಿ ಕೆಲಸ ತೋರಿಸಲಿಲ್ಲ. ದೊಡ್ಡ ಯಂತ್ರವೇ ಅವನನ್ನು ಗೇಣಿಯಿಂದ, ಕೆಲವೊಮ್ಮೆ ಜಾತಿಯ ಕಸುಬಿನಿಂದ ಬಿಡಿಸಿತ್ತು. ತಮಿಳು, ತೆಲುಗು, ಉರ್ದು, ಕನ್ನಡ ಒಂದೇ ಗೇಟಿನಲ್ಲಿ ಒಳಹೋಗುತ್ತಿದ್ದವು. ರಾಷ್ಟ್ರ ತಯಾರಾಗುತ್ತದೆ ಎಂಬ ಮಾತು ನಿಜವಾಗಿದ್ದರೆ ಅದು ಆ ಗೇಟಿನಲ್ಲಿ.

1936ರಲ್ಲಿ ಅದೇ ಊರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಎಂಪಿಎಂ ಎಂಬ ಆ ಕಾರ್ಖಾನೆಯ ಯಂತ್ರಗಳು ನಿಂತು ಈಗ ವರ್ಷಗಳಾದವು. ಉಕ್ಕಿನ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರೇ ಇದೆ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಕಾರ್ಮಿಕರು ಗೇಟಿನ ಮುಂದೆ ಕೂತರು, ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಮುಚ್ಚುವವರು ಮುಂದಿಟ್ಟದ್ದು ಲಾಭನಷ್ಟದ ಅಂಕಿಗಳನ್ನು, ಅಂದರೆ ವಿಶ್ವೇಶ್ವರಯ್ಯನವರೇ ಕಲಿಸಿದ ಭಾಷೆಯನ್ನು. ಆ ಲೆಕ್ಕದಲ್ಲಿ ಪದೇಪದೇ ಬರುವ ಒಂದು ಸಾಲು, ಸ್ವಂತ ಗಣಿ ಇಲ್ಲ ಎಂಬುದು. ಶುರುವಿನಲ್ಲಿ ಕಲ್ಲಿದ್ದಲಿರಲಿಲ್ಲ, ಈಗ ಅದಿರೂ ಇಲ್ಲ. ಕೆಮ್ಮಣ್ಣುಗುಂಡಿಗೆ ಜನ ಈಗ ಹೋಗುವುದು ಮಂಜು ನೋಡಲು.