ವೆಚ್ಚದ ಲೆಕ್ಕವೂ ದೂರದ ಲೆಕ್ಕವೂ

ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಆದುದರಿಂದ ಚಿಕಿತ್ಸೆಯ ವೆಚ್ಚವನ್ನು ಪರಿಶೀಲಿಸುವ ಹೊಣೆ ಮೊದಲಿಗೆ ರಾಜ್ಯದ ಶಾಸಕರದು. ಈ ಹೊಣೆಯನ್ನು ಕರ್ನಾಟಕದ ವಿಧಾನಮಂಡಲವು ಯಾವ ದೃಷ್ಟಿಯಿಂದ ನಿರ್ವಹಿಸಿತೆಂಬುದನ್ನು, ಖಾಸಗಿ ವೈದ್ಯಕೀಯ ಸಂಸ್ಥೆಗಳ 2017ರ ತಿದ್ದುಪಡಿ ಮಸೂದೆಯನ್ನು ಮುಂದಿಟ್ಟುಕೊಂಡು ನಾವಿಲ್ಲಿ ವಿಮರ್ಶಿಸಬಯಸುತ್ತೇವೆ. ಒರೆಗಲ್ಲಾಗಿ ಹೊನ್ನಾವರ ತಾಲ್ಲೂಕಿನ ಕಾಸರಕೋಡನ್ನು ಆರಿಸಿಕೊಂಡಿದ್ದೇವೆ.

2007ರ ಮೂಲ ಕಾಯಿದೆಯ ಕೊರತೆಗಳನ್ನು ವಿಚಾರಿಸಲು ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಗಿದ್ದಿತು. ಅನಂತರ, 2017ರ ಜೂನ್ ತಿಂಗಳಲ್ಲಿ, ಆರೋಗ್ಯ ಸಚಿವರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು ಮಂಡಿಸಿದ ಮಸೂದೆ ಉಭಯ ಸದನಗಳ ಜಂಟಿ ಸಮಿತಿಯ ಪರಿಶೀಲನೆಗೆ ಹೋಯಿತು. ನವೆಂಬರಿನ ಬೆಳಗಾವಿ ಅಧಿವೇಶನದ ವೇಳೆಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ದರನಿಗದಿಯ ವ್ಯಾಪ್ತಿ ಸರಕಾರೀ ಯೋಜನೆಗಳ ಮಟ್ಟಿಗೆ ಕಿರಿದಾಗಿ ಮಸೂದೆ ಅಂಗೀಕಾರವಾಯಿತು.

ಈ ಪ್ರಯತ್ನದ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ರೋಗಿಯ ಹಕ್ಕುಗಳಿಗೆ ಕಾಯಿದೆಯ ಬೆಂಬಲ ದೊರೆತುದು, ದೂರು ಹೇಳಿಕೊಳ್ಳಲು ಒಂದು ಸ್ಥಾನ ಏರ್ಪಟ್ಟುದು ಸಣ್ಣ ಮಾತಲ್ಲ. ಆದರೆ ಸೇನ್ ಸಮಿತಿ ಸೂಚಿಸಿದ್ದ ಮುಖ್ಯ ಅಂಶವೊಂದು, ಎಂದರೆ ಸರಕಾರೀ ಆಸ್ಪತ್ರೆಗಳನ್ನೂ ಕಾಯಿದೆಯ ಅಧೀನಕ್ಕೆ ತರಬೇಕೆಂಬುದು, ಕೈಬಿಟ್ಟುಹೋಯಿತು. ಚರ್ಚೆಯೆಲ್ಲ ಚಿಕಿತ್ಸೆಯ ದರದ ಸುತ್ತಲೇ ತಿರುಗಿತು. ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿಯನ್ನಷ್ಟೇ ಈ ಲೆಕ್ಕ ಬಲ್ಲದು. ಬಾಗಿಲು ಮುಟ್ಟಲಾರದವನನ್ನು ಅರಿಯದು.

ಕಾಸರಕೋಡಿನಿಂದ ಶರಾವತಿಯ ಸೇತುವೆಯನ್ನು ದಾಟಿದರೆ ಹೊನ್ನಾವರದ ತಾಲ್ಲೂಕು ಆಸ್ಪತ್ರೆ ಸಿಕ್ಕುತ್ತದೆ. ಕಾಯಿಲೆ ಅದಕ್ಕೆ ಮೀರಿದ್ದಾದರೆ ಬಡಗಣ ಕಾರವಾರವಾಗಲಿ, ನೂರು ಕಿಲೋಮೀಟರಿಗೂ ಮಿಕ್ಕ ತೆಂಕಣ ಮಣಿಪಾಲವಾಗಲಿ, ಘಟ್ಟದ ಮೇಲಣ ಹುಬ್ಬಳ್ಳಿಯಾಗಲಿ ಗತಿ. 2018ರಲ್ಲಿ ಒಂದುಗೂಡಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯ ಭರವಸೆ ಕೊಡುತ್ತದೆ. 108ರ ವಾಹನವೂ ಉಚಿತ. ಆದರೆ ಮೀನುಗಾರನ ಜೊತೆಗೆ ಹೊರಟವರು ಕಳೆದುಕೊಳ್ಳುವ ದಿನಗೂಲಿಯನ್ನು ಯಾರು ಎಣಿಸಿದ್ದಾರೆ? ದಾರಿಯಲ್ಲಿ ಕಳೆದ ಗಳಿಗೆಗಳಿಗೆ ಯಾವ ದರಪಟ್ಟಿಯಿದೆ? 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಶಿರೂರು ಸುಂಕದ ಕಟ್ಟೆಯಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಜಿಲ್ಲೆಯಲ್ಲಿಯೇ ಸುಸಜ್ಜಿತ ಆಸ್ಪತ್ರೆಯೊಂದು ಬೇಕೆಂಬ ಹಳೆಯ ಬೇಡಿಕೆ ಆಗ ಮತ್ತೊಮ್ಮೆ ಬಲವಾಗಿ ಕೇಳಿಬಂದಿತು.

ದೂರ ಬೇರೆ, ದರ ಬೇರೆ. ಖಾಸಗಿ ಸಂಸ್ಥೆಗಳ ಮಸೂದೆಯಲ್ಲಿ ದೂರದ ಪ್ರಶ್ನೆ ಏಕೆ ಎಂದು ಆಕ್ಷೇಪಿಸಬಹುದು. ಒಂದು ಮಸೂದೆಯ ಮಟ್ಟಿಗೆ ಈ ಮಾತು ಸರಿ. ಶಾಸಕರ ಒಟ್ಟು ಅಧ್ಯಯನದ ಮಟ್ಟಿಗೆ ಸಲ್ಲದು. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿ ಈ ಎರಡನ್ನೂ ಒಟ್ಟಿಗೆ ನೋಡಿದ್ದಿತು. ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದರ ಜೊತೆಗೇ, ಸೇವೆ ಜನರಿಗೆ ಆದಷ್ಟು ಸಮೀಪದಲ್ಲಿರಬೇಕು ಎಂಬುದನ್ನೂ ಅದು ತತ್ತ್ವವಾಗಿ ಇರಿಸಿತು. ತತ್ಕಾಲಕ್ಕೆ 40,000 ಜನರಿಗೊಂದು ಪ್ರಾಥಮಿಕ ಕೇಂದ್ರವೆಂಬ ಅಳತೆಯನ್ನೂ ಕೊಟ್ಟಿತು. ನಮ್ಮ ವಿಧಾನಮಂಡಲ ಮೊದಲನೆಯ ತತ್ತ್ವವನ್ನು ಹಿಡಿದು ಎರಡನೆಯದನ್ನು ಬಿಟ್ಟಿತೆಂಬುದೇ ನಮ್ಮ ಆಕ್ಷೇಪಣೆ.

ಮುಂದೆ ಇಂಥ ಸಮಿತಿಗಳು ಕುಳಿತಾಗ ಪ್ರತಿಯೊಂದು ಚಿಕಿತ್ಸೆಯ ದರದ ಪಕ್ಕದಲ್ಲಿ, ತಾಲ್ಲೂಕುವಾರಾಗಿ, ಆ ಚಿಕಿತ್ಸೆ ದೊರೆಯುವ ಹತ್ತಿರದ ಸ್ಥಳವನ್ನೂ ಅಲ್ಲಿಗೆ ತಗಲುವ ಹೊತ್ತನ್ನೂ ನಮೂದಿಸುವುದು ಅವಶ್ಯ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಅಂಥ ಪಟ್ಟಿ ಸದನದ ಮೇಜಿನ ಮೇಲೆ ಬಂದ ಮೇಲೆ, ಯಾವ ಊರಿಗೆ ವಿಮೆಯ ಹಣ ಬೇಕು, ಯಾವ ಊರಿಗೆ ಆಸ್ಪತ್ರೆಯೇ ಬೇಕು ಎಂಬುದನ್ನು ಶಾಸಕರು ಬೇರ್ಪಡಿಸಿ ಹೇಳುವುದು ಸಾಧ್ಯವಾದೀತು.