ಯಾರ ಕೋಟು, ಯಾರ ಆಕಾಶ?

ಕೆಸರೆಯ ಒಂದು ರೂಮಿನಲ್ಲಿ, ಒಂದೇ ಮೊಬೈಲಿಗೆ ನಾಲ್ಕು ತಲೆ ಆನಿಸಿಕೊಂಡು ನಾವು ‘ಸೂರರೈ ಪೋಟ್ರು’ ನೋಡಿದೆವು. ಸಾಯುತ್ತಿರುವ ಅಪ್ಪನ ಮುಖ ಕಾಣಲು ಟಿಕೆಟ್ಟಿಗೆ ದುಡ್ಡು ಸಾಲದೆ ನಾಯಕ ಏರ್‌ಪೋರ್ಟಿನಲ್ಲಿ ಕಂಡಕಂಡವರ ಮುಂದೆ ಕೈಯೊಡ್ಡುವಾಗ ನಾವೂ ಅತ್ತೆವು. ಅತ್ತದ್ದು ಸುಳ್ಳಲ್ಲ. ಆದರೆ ಕಣ್ಣೊರೆಸಿಕೊಂಡ ಮೇಲೆ ಕೇಳಲೇಬೇಕಾದ ಮಾತುಗಳಿವೆ.

ಸುಧಾ ಕೊಂಗರ 2020ರಲ್ಲಿ ತೆಗೆದ ಈ ತಮಿಳು ಚಿತ್ರಕ್ಕೆ ಆಧಾರ ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದವರು, ಒಂದು ರೂಪಾಯಿಗೂ ಟಿಕೆಟ್ ಮಾರಿದವರು. ಅಯ್ಯಂಗಾರ್ ಮನೆತನ, ಮೇಷ್ಟರ ಮಗ, ಸೈನ್ಯದ ಅಧಿಕಾರಿ. ಚಿತ್ರದಲ್ಲಿ ಇವರೇ ಕಪ್ಪಂಗಿ ತೊಟ್ಟ, ಪೆರಿಯಾರ್ ಹಾದಿಯ ನೆಡುಮಾರನ್!

ಕಲೆ ಕಥೆಯನ್ನು ಬದಲಿಸಬಾರದು ಅಂತ ನಾವು ಹೇಳುತ್ತಿಲ್ಲ. ಬದಲಿಸಿದ್ದು ಯಾತಕ್ಕೆ ಅಂತ ಕೇಳುತ್ತಿದ್ದೇವೆ. ಕಂಪನಿ ಕಟ್ಟಿದ ಕಥೆಗೆ ಜನಹೋರಾಟದ ಬಿಸಿ ಬೇಕಿತ್ತು. ಅದಕ್ಕೆ ತಳದವರ ಸಿಟ್ಟನ್ನು ಕಡ ತಂದರು. ಜಾತಿಯ ಗಾಯಕ್ಕೆ ಅಗ್ಗದ ಟಿಕೆಟ್ಟೇ ಮದ್ದು ಅನ್ನೋ ಹಂಗೆ ವಿಮಾನ ಇಳಿಯಿತು, ಊರಿನವರು ಕುಣಿದರು, ಸಿನಿಮಾ ಮುಗಿಯಿತು.

ಕಡ ತರುವುದು ಸಿನಿಮಾದಿಂದ ಶುರುವಾದದ್ದೂ ಅಲ್ಲ. ಏರ್ ಡೆಕ್ಕನ್ನಿನ ಜಾಹೀರಾತಿನ ಮುಖ ಯಾರು? ಮೈಸೂರಿನಲ್ಲೇ ಹುಟ್ಟಿದ ಆರ್. ಕೆ. ಲಕ್ಷ್ಮಣರ ‘ಕಾಮನ್ ಮ್ಯಾನ್’. ಪಂಚೆ, ಚೌಕಳಿ ಕೋಟು, ಕನ್ನಡಕ. ಒಳ್ಳೆಯ ಗೆರೆ, ದೊಡ್ಡ ಕಲಾವಿದ, ಒಪ್ಪೋಣ. ಆದರೆ ಈ ಶ್ರೀಸಾಮಾನ್ಯ ಯಾವ ಬೀದಿಯವನು? ನಮ್ಮಪ್ಪಂದಿರು ಆ ಕೋಟು ತೊಟ್ಟವರಲ್ಲ. ನಮ್ಮವ್ವಂದಿರಂತೂ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವರು ನಾವೇ ಮೊದಲು. ‘ಸಾಮಾನ್ಯ’ ಅನ್ನಿಸಿಕೊಳ್ಳಲೂ ನಾವಿನ್ನೂ ಮೆಟ್ಟಿಲು ಹತ್ತಬೇಕು.

ಕಡ ತಂದ ಮುಖದ ಗತಿ ಏನಾಯಿತು? ಅದು ಸಿನಿಮಾದಲ್ಲಿಲ್ಲ. 2007ರಲ್ಲಿ ಮಲ್ಯರ ಯುಬಿ ಗುಂಪು ಡೆಕ್ಕನ್ನಿನ ಪಾಲು ಕೊಂಡಿತು. 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಬೀರಿನ ಬಾಟಲಿಯ ಹಕ್ಕಿ ಬಂದು ಕೂತಿತು, ಕೋಟಿನ ಮುದುಕ ಹೊರಟುಹೋದ. 2011ರಲ್ಲಿ ಆ ರೆಡ್ಡನ್ನೂ ಮುಚ್ಚುವುದಾಗಿ ಸಾರಿದರು. ನಮ್ಮ ಮಂಡಕಳ್ಳಿಗೆ 2010ರ ಅಕ್ಟೋಬರಿನಲ್ಲಿ ಬಂದ ಕಿಂಗ್‌ಫಿಷರ್ ವಿಮಾನ 2011ರ ನವೆಂಬರಿಗೆ ನಿಂತಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ರೇ ನೆಲ ಕಚ್ಚಿತು. ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗೆ ಬಂದಿದ್ದರು. ಕೊನೆಯ ಹಾರಾಟಕ್ಕೆ ಬೀಳ್ಕೊಡುಗೆ ಇರಲಿ, ಅದು ಕೊನೆಯದು ಅಂತ ಹೇಳುವವರೂ ಇರಲಿಲ್ಲ.

2024ರ ನವೆಂಬರ್ 11ರಂದು ವಿಸ್ತಾರ ಕೊನೆಯ ಸಲ ಹಾರಿದಾಗ ಬೀಳ್ಕೊಡುಗೆ ಇತ್ತು, ಫೋಟೋ ಇತ್ತು, ಕಣ್ಣೀರಿತ್ತು. ಮಾರನೇ ದಿನದಿಂದ ಅದು ಏರ್ ಇಂಡಿಯಾದೊಳಗೆ ಒಂದಾಯಿತು. ಆ ಕಣ್ಣೀರನ್ನು ನಾವು ಹಂಗಿಸುವುದಿಲ್ಲ. ದುಡಿದವರಿಗೆ ದುಡಿದ ಜಾಗ ಮನೆಯೇ. ಆದರೆ ಬ್ರಾಂಡ್ ಸತ್ತರೆ ಶೋಕಗೀತೆ ಬರೆಯುವ ಪತ್ರಿಕೆಗಳಿಗೆ, ಲಗೇಜು ಹೊತ್ತ ಗುತ್ತಿಗೆಯವನ ಕೆಲಸ ಹೋದರೆ ಒಂದು ಸಾಲಿಗೂ ಜಾಗವಿರುವುದಿಲ್ಲ ಯಾಕೆ?

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಗೆಳೆಯರೇ, ಈ ಚಿತ್ರವನ್ನು ಹುಡುಗರಿಗೆ ಖಂಡಿತ ತೋರಿಸಿ. ಹಾರುವ ಆಸೆ ಯಾರಪ್ಪನ ಸ್ವತ್ತೂ ಅಲ್ಲ. ತೋರಿಸಿದ ಮೇಲೆ ಎರಡು ಪ್ರಶ್ನೆ ಕೇಳಿ: ಇಲ್ಲಿರುವ ಸಿಟ್ಟು ಯಾರದು? ಗೆಲುವು ಯಾರ ಹೆಸರಿಗೆ ಬರೆದಿದೆ?

ಮೊದಲ ಹಾರಾಟದ ಕಥೆ ಬರೆಯಲು ಬೇಕಾದಷ್ಟು ಜನ ಇದ್ದಾರೆ. ಕೊನೆಯ ಹಾರಾಟ ಇಳಿದು ಎಲ್ಲರೂ ಹೋದ ಮೇಲೆ, ಪೊರಕೆ ಹಿಡಿದು ಒಳಕ್ಕೆ ಹತ್ತುವ ಹೆಂಗಸೊಬ್ಬಳಿದ್ದಾಳೆ. ದಿನವೂ ವಿಮಾನ ಹತ್ತಿದವಳು, ಒಂದು ದಿನವೂ ಹಾರದವಳು. ನಾವು ಬರೆಯಬೇಕಾದ ಕಥೆ ಅಲ್ಲಿಂದ ಶುರುವಾಗಲಿ.